ಬೀಗದ ಗಾಡಿ, ಬಿಡುಗಾಡಿ, ಚಕ್ರದ ಚೀಲ: ಮೂರನ್ನೂ ತಳ್ಳಿ ನೋಡಿದ ಮೇಲೆ

ಶಿರಸಿಯಲ್ಲಿ ನಾವು ತಿಂಗಳ ಸಾಮಾನು ತರುವ ಸೂಪರ್ ಮಾರ್ಕೆಟ್‌ನಲ್ಲಿ ಹೋದ ವಾರ ಬಿಲ್ಲು ಮಾಡುತ್ತಿದ್ದ ಹುಡುಗ ಕೇಳಿದ. "ಅಕ್ಕೋರೇ, ಸಾಮಾನು ಹಾಕಿ ತಳ್ಳೋ ಈ ಗಾಡಿಗಳಿಗೆ ಕಾಯಿನ್ ಹಾಕೋ ಬೀಗ ತರಿಸಬೇಕು ಅಂತ ಮಾತಾಡ್ತಿದ್ದಾರೆ. ನೀವು ಜರ್ಮನಿಲಿ ನೋಡಿ ಬಂದವರಲ್ವಾ? ಹೇಗಿರ್ತದೆ ಅದು?"

ನನ್ನ ಹಿಂದೆ ನಾಲ್ಕು ಜನ ಕಾಯುತ್ತಿದ್ದರು. "ಬೇಡ ಅಂತ ಹೇಳು" ಎಂದಷ್ಟೇ ಹೇಳಿ ಬಂದೆ. ಮನೆಗೆ ಬಂದ ಮೇಲೆ ಅದು ಅರ್ಧ ಉತ್ತರ ಅನ್ನಿಸಿತು. ಆ ಬೀಗದಿಂದ ಒಳ್ಳೆಯದಾಗಿದ್ದನ್ನೂ ನಾನು ನೋಡಿದ್ದೇನೆ. ಹಾಗಾಗಿ ಬಳಸಿದ್ದನ್ನೆಲ್ಲ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮಗಳ ಎರಡನೇ ಬಾಣಂತನಕ್ಕೆ ಜರ್ಮನಿಯ ಉಲ್ಮ್ ಊರಿಗೆ ಹೋಗಿ ಮೂರು ತಿಂಗಳು ಇದ್ದೆ. ದೊಡ್ಡ ಮೊಮ್ಮಗಳಿಗೆ ಆಗ ಎರಡು ವರ್ಷ. ಅಳಿಯ ಕೆಲಸಕ್ಕೆ ಹೋದ ಮೇಲೆ ಹಾಲು, ತರಕಾರಿ, ಹಿಟ್ಟು ತರುವುದು ನನ್ನ ಪಾಲಿಗೆ ಬಂತು. ನನ್ನ ಬಲ ಭುಜಕ್ಕೆ ಹಳೆಯ ನೋವಿದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಐದು ಕಿಲೋ ಎತ್ತಿದರೆ ರಾತ್ರಿ ನಿದ್ದೆ ಇಲ್ಲ. ಹಾಗಾಗಿ ಗಾಡಿ ಸಿಗುತ್ತದೋ ಇಲ್ಲವೋ ಅನ್ನುವುದು ನನಗೆ ಸಣ್ಣ ವಿಷಯವಲ್ಲ.

ಮೊದಲು ಬೀಗದ ಗಾಡಿ. ನೋಡದವರಿಗಾಗಿ ಹೇಳುತ್ತೇನೆ. ಅಂಗಡಿಯ ಹೊರಗೆ ಗಾಡಿಗಳು ಒಂದರೊಳಗೊಂದು ಹೊಕ್ಕು ಸಾಲಾಗಿ ನಿಂತಿರುತ್ತವೆ. ಪ್ರತಿ ಗಾಡಿಯ ಹಿಡಿಕೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ, ಅದರಿಂದ ಒಂದು ಗಿಡ್ಡ ಸರಪಳಿ. ಮುಂದಿನ ಗಾಡಿಯ ಸರಪಳಿಯ ತುದಿ ನಮ್ಮ ಗಾಡಿಯ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ನಾಣ್ಯ ಹಾಕಿ ಒತ್ತಿದರೆ ಆ ತುದಿ ಹೊರಗೆ ಬರುತ್ತದೆ, ಗಾಡಿ ಬಿಡುಗಡೆ. ವಾಪಸ್ ತಂದು ಸಾಲಿಗೆ ಸೇರಿಸಿ ಸರಪಳಿ ಚುಚ್ಚಿದರೆ ನಾಣ್ಯ ಹೊರಗೆ ಬರುತ್ತದೆ. ಬಾಡಿಗೆ ಅಲ್ಲ ಅದು, ಒತ್ತೆ. ನಾನು ಬಳಸಿದ ಗಾಡಿಗಳಲ್ಲಿ 1 ಯೂರೋ ನಾಣ್ಯ ಹಿಡಿಯುತ್ತಿತ್ತು, 50 ಸೆಂಟ್‌ನದ್ದೂ ಹಿಡಿಯುತ್ತಿತ್ತು. ಉಲ್ಮ್ ಹತ್ತಿರದ ಲೈಪ್‌ಹೈಮ್ ಅನ್ನುವ ಊರಲ್ಲೇ ವಾಂಟ್ಸ್‌ಲ್ ಎಂಬ ಕಂಪನಿ ಇದೆ. ಎಷ್ಟೋ ದೇಶಗಳ ಅಂಗಡಿಗಳಿಗೆ ಗಾಡಿ ಮಾಡಿ ಕೊಡುವವರು. ಅಳಿಯ ಆ ಕಡೆ ಹೋಗುವಾಗಲೆಲ್ಲ ತೋರಿಸುತ್ತಿದ್ದ.

ಗಾಡಿಯೇನೋ ಚೆನ್ನಾಗಿತ್ತು. ಒಂದು ಬೆರಳಲ್ಲಿ ತಳ್ಳಿದರೂ ಹೋಗುತ್ತಿತ್ತು. ಮಗುವನ್ನು ಕೂರಿಸಲು ಮಡಚುವ ಸೀಟು ಇತ್ತು. ತೊಂದರೆ ಇದ್ದದ್ದು ಗಾಡಿಯಲ್ಲಲ್ಲ, ಅದರ ಬೀಗದಲ್ಲಿ. ಮನೆಯಿಂದ ಹೊರಡುವಾಗ ಮಗಳು ಪ್ರತಿ ಸಲ ಒಳಗಿನಿಂದ ಕೂಗುತ್ತಿದ್ದಳು: "ಆಯೀ, ಕಾಯಿನ್ ಇದ್ದಾ?"

ಒಂದು ಶನಿವಾರ ಸಂಜೆ ಇರಲಿಲ್ಲ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಶನಿವಾರ ಸಂಜೆ ತಪ್ಪಿದರೆ ಸೋಮವಾರವೇ. ಮನೆಯಲ್ಲಿ ಹಾಲು ಮುಗಿದಿತ್ತು. ಕೈಯಲ್ಲಿ 20 ಯೂರೋ ನೋಟು, ಕಂಕುಳಲ್ಲಿ ಮೊಮ್ಮಗಳು, ಹೊರಗೆ ಜಿಟಿಜಿಟಿ ಮಳೆ. ಒಳಗೆ ಹೋಗಿ ಚಿಲ್ಲರೆ ಕೇಳಿದೆ. ಏನಾದರೂ ಕೊಂಡು ಬಿಲ್ಲು ಆದಾಗಲೇ ಗಲ್ಲಾ ತೆಗೆಯಲು ಆಗುವುದು ಎಂದು ಕೌಂಟರಿನವರು ಕೈಸನ್ನೆಯಲ್ಲಿ ತಿಳಿಸಿದರು. ಕೊಳ್ಳಲು ಗಾಡಿ ಬೇಕು, ಗಾಡಿಗೆ ಚಿಲ್ಲರೆ ಬೇಕು, ಚಿಲ್ಲರೆಗೆ ಏನಾದರೂ ಕೊಳ್ಳಬೇಕು. ಮಗುವನ್ನು ಇಳಿಸಿದರೆ ಓಡುತ್ತದೆ. ಎತ್ತಿಕೊಂಡರೆ ಬುಟ್ಟಿ ಹಿಡಿಯಲು ಕೈಯಿಲ್ಲ. ಆ ಹತ್ತು ನಿಮಿಷ ನನಗೆ ಅಳುವೇ ಬಂತು. ಅಂಗಡಿ ತುಂಬ ಸಾಮಾನು, ಕೈಯಲ್ಲಿ ದುಡ್ಡು, ಆದರೂ ಹೊರಗೆ ನಿಂತಿದ್ದೇನೆ.

ಆಗ ಒಬ್ಬ ವಯಸ್ಸಾದ ಹೆಂಗಸು ಬಂದು ತನ್ನ ಕೀ ಗೊಂಚಲಿನಿಂದ ಒಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ ತೆಗೆದು ಗಾಡಿಗೆ ಹಾಕಿದರು. ಗಾಡಿಯನ್ನು ನನ್ನ ಕಡೆ ತಳ್ಳಿ, ಬಿಲ್ಲೆ ನೀವೇ ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿ ಹೋದರು. ಅವರ ಮಾತು ನನಗೆ ಬರುವುದಿಲ್ಲ. ಕೈ ಮುಗಿದೆ.

ಈ ಬಿಲ್ಲೆಯೇ ಆ ಬೀಗ ತೆಗೆಯಲು ನಾನು ಬಳಸಿದ ಇನ್ನೊಂದು ದಾರಿ. ನಾಣ್ಯದಷ್ಟೇ ಅಗಲ, ಕೀ ಜೊತೆ ನೇತು ಹಾಕಿಕೊಳ್ಳಬಹುದು. ಅಲ್ಲಿ ಅಂಗಡಿ, ಬ್ಯಾಂಕಿನವರು ತಮ್ಮ ಹೆಸರು ಅಚ್ಚು ಹಾಕಿಸಿ ಸುಮ್ನೆ ಹಂಚುತ್ತಾರೆ. ಅದು ಸಿಕ್ಕ ಮೇಲೆ ನನ್ನ ಅರ್ಧ ಚಿಂತೆ ಹೋಯಿತು. ಕೀ ಇಲ್ಲದೆ ಮನೆ ಬಿಡುವವರಿಲ್ಲ, ಹಾಗಾಗಿ ಬಿಲ್ಲೆ ಮರೆಯುವುದು ಕಡಿಮೆ. ನಾಣ್ಯಕ್ಕಿಂತ ಬಿಲ್ಲೆ ಎಷ್ಟೋ ಪಾಲು ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ.

ವಾಪಸ್ ತರುವ ಕಷ್ಟ ಮಾತ್ರ ಬಿಲ್ಲೆಗೂ ತಪ್ಪಲಿಲ್ಲ. ಕಾರಿಗೆ ಸಾಮಾನು ತುಂಬಿ ಆದ ಮೇಲೆ ಗಾಡಿಯನ್ನು ಸಾಲಿನವರೆಗೆ ಒಯ್ಯಬೇಕು. ಮಗಳು ಹಸುಗೂಸಿನ ಜೊತೆ ಒಬ್ಬಳೇ ಬಂದ ದಿನ ಏನು ಮಾಡುವುದು? ಕೂಸನ್ನು ಕಾರಿನಲ್ಲಿ ಬಿಟ್ಟು ಹೋಗುವುದೋ, ಬಿಚ್ಚಿ ಎತ್ತಿಕೊಂಡು ಹೋಗುವುದೋ? ಅವಳು ಪ್ರತಿ ಸಲ ಎತ್ತಿಕೊಂಡೇ ಹೋಗುತ್ತಿದ್ದಳು. ಹೊಟ್ಟೆ ಕೊಯ್ದ ಹೊಲಿಗೆ ಇನ್ನೂ ಮಾಗಿರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಆ ಮೂರು ತಿಂಗಳಲ್ಲಿ ಒಂದು ಗಾಡಿಯೂ ರಸ್ತೆಯಲ್ಲಿ ಅನಾಥವಾಗಿ ನಿಂತಿದ್ದನ್ನು ನಾನು ನೋಡಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಗಾಡಿ ಅಡ್ಡ ಬಂದಿರಲಿಲ್ಲ. ಗಾಡಿ ಹುಡುಕಿ ತರುವ ಕೆಲಸಕ್ಕೆ ಆಳು ಕಾಣಲಿಲ್ಲ. ಕೆಲವರು ವಾಪಸ್ ಹೋಗುವಾಗ ನಮ್ಮ ಕೈಯಿಂದ ನಾಣ್ಯ ತೆಗೆದುಕೊಂಡು ಗಾಡಿ ನಮಗೇ ಕೊಟ್ಟುಬಿಡುತ್ತಿದ್ದರು. ಭಾಷೆ ಬರದ ಊರಲ್ಲಿ ಪರಿಚಯವಿಲ್ಲದವರ ಜೊತೆ ನಗು ಹಂಚಿಕೊಳ್ಳಲು ಸಿಕ್ಕ ಅವಕಾಶ ಅದೊಂದೇ ಆಗಿತ್ತು. ನನಗೆ ಅದು ಇಷ್ಟವಾಗಿತ್ತು.

ಕೈಬುಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಪೊಟ್ಟಣ ಬ್ರೆಡ್ಡು, ಒಂದು ಲೀಟರ್ ಹಾಲಿಗೆ ಸರಿ. ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ಅಂಗಡಿಕಾರ 1937ರಲ್ಲಿ ಅಂಗಡಿಯೊಳಗೆ ತಳ್ಳುವ ಗಾಡಿಯನ್ನು ಹೊರತಂದದ್ದೇ ಬುಟ್ಟಿಯ ದೆಸೆಯಿಂದ. ಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂದು ಅವನು ಕಂಡುಕೊಂಡ. ಮಡಚುವ ಕುರ್ಚಿಯಂಥ ಚೌಕಟ್ಟಿಗೆ ಚಕ್ರ ಹಾಕಿಸಿ, ಎರಡು ಬುಟ್ಟಿ ಇಡುವ ಹಾಗೆ ಮಾಡಿಸಿದ. ನನ್ನ ಭುಜ ಅವನ ಮಾತಿಗೆ ಸಾಕ್ಷಿ. ಬುಟ್ಟಿ ಹಿಡಿದ ದಿನ ಹಿಟ್ಟು ತರದೆ ಬಂದಿದ್ದೇನೆ.

ಇನ್ನು ನಮ್ಮ ಶಿರಸಿಯ ಬಿಡುಗಾಡಿ. ಬೀಗವಿಲ್ಲ, ಸರಪಳಿಯಿಲ್ಲ, ಬಾಗಿಲ ಪಕ್ಕ ನಿಂತಿರುತ್ತದೆ, ಎಳೆದುಕೊಂಡರೆ ಆಯಿತು. ಈ ಸುಖ ದೊಡ್ಡದು. ಮಂಗಳವಾರ ಸಂತೆಯ ದಿನ ಬನವಾಸಿ ಕಡೆಯಿಂದ, ಹುಲೇಕಲ್ ಕಡೆಯಿಂದ ಹಳ್ಳಿಯವರು ಬರುತ್ತಾರೆ. ಹದಿನೈದು ದಿನದ ಸಾಮಾನು ಒಂದೇ ಸಲ ಒಯ್ಯುವವರು ಅವರು. ಅಕ್ಕಿ, ಎಣ್ಣೆ, ಸಕ್ಕರೆ, ಹಿಂಡಿ ಎಲ್ಲ ಸೇರಿ ಭಾರ ಕಡಿಮೆಯೇನಲ್ಲ. ಅವರಲ್ಲಿ ಅಜ್ಜಿಯಂದಿರು ಎಷ್ಟೋ ಜನ. ಆ ಅಜ್ಜಿಗೆ ಗಾಡಿಯ ಮುಂದೆ ನಿಂತು ನಾಣ್ಯ ಹುಡುಕುವ ಪಾಡು ಬರಬಾರದು.

ಬಿಡುಗಾಡಿಯ ದೋಷಗಳೂ ನಿಜವೇ. ಅಂಗಡಿಯ ಓಣಿ ಕಿರಿದು. ಎರಡು ಗಾಡಿ ಎದುರಾದರೆ ಒಂದು ಹಿಂದೆ ಹೋಗಬೇಕು. ಕೆಲವರು ಬೇಳೆಯ ಕಪಾಟಿನ ಎದುರು ಗಾಡಿ ಬಿಟ್ಟು ಎಲ್ಲೋ ಹೋಗಿಬಿಡುತ್ತಾರೆ. ಒಂದು ಚಕ್ರ ತಿರುಗದ ಗಾಡಿ ಸಿಕ್ಕರೆ ಅದು ಎಡಕ್ಕೇ ಎಳೆಯುತ್ತದೆ, ಭುಜಕ್ಕೆ ಬುಟ್ಟಿಗಿಂತ ಜಾಸ್ತಿ ನೋವು. ಬಾಗಿಲಲ್ಲಿ ಮೂರು ಮೆಟ್ಟಿಲು. ಅಲ್ಲಿಗೆ ಗಾಡಿಯ ಪ್ರಯಾಣ ಮುಗಿಯಿತು. ಮುಂದೆ ಎತ್ತಿ ಇಳಿಸಿಕೊಂಡು ರಸ್ತೆಗೆ ಒಯ್ದವರು ಅಲ್ಲೇ ಬಿಟ್ಟು ಆಟೋ ಹತ್ತುತ್ತಾರೆ. ನಮ್ಮೂರಿನ ರಸ್ತೆಗಳು ಏರು, ಇಳಿಜಾರು. ಹೋದ ಆಷಾಢದಲ್ಲಿ ಹೀಗೆ ಬಿಟ್ಟ ಗಾಡಿಯೊಂದು ಉರುಳಿಕೊಂಡು ಹೋಗಿ ನಿಂತಿದ್ದ ಸ್ಕೂಟರಿಗೆ ಗುದ್ದಿತು. ಸ್ಕೂಟರಿನ ಪಕ್ಕದಲ್ಲೇ ಒಂದು ಶಾಲೆಯ ಹುಡುಗ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಬೀಗದ ಮಾತು ಎದ್ದದ್ದೇ ಆಮೇಲೆ. ಅಂಗಡಿಯವರ ಹೆದರಿಕೆ ನನಗೆ ಅರ್ಥವಾಗುತ್ತದೆ.

ಆದರೆ ನಮ್ಮ ಬೀಗಕ್ಕೆ ಯಾವ ನಾಣ್ಯ? ಇದನ್ನು ಯಾರೂ ಯೋಚಿಸಿದ ಹಾಗಿಲ್ಲ. ನಾನು ಮನೆಯ ಡಬ್ಬಿಯ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದು ಸ್ಕೇಲಿನಲ್ಲಿ ಅಳೆದು ನೋಡಿದೆ. 2011ರ ಸರಣಿಯ 2 ರೂಪಾಯಿ 25 ಮಿಲಿಮೀಟರ್ ಅಗಲ. 2019ರ ಸರಣಿಯ 2 ರೂಪಾಯಿ 23 ಮಿಲಿಮೀಟರ್. 5 ರೂಪಾಯಿಯದ್ದು ಸರಿಯಾಗಿ ತಿರುಗುಮುರುಗು: ಹಳೆಯದು 23, ಹೊಸದು 25. ಅಂದರೆ ಹಳೆಯ 5 ರೂಪಾಯಿ ಹಿಡಿಯುವ ಬೀಗ ಹೊಸ 5 ರೂಪಾಯಿಯನ್ನು ಹಿಡಿಯುವುದಿಲ್ಲ. ಹೊಸ 2 ರೂಪಾಯಿಯನ್ನು ಹಿಡಿಯುತ್ತದೆ. ಇನ್ನು 10 ರೂಪಾಯಿಯ ನಾಣ್ಯ 27 ಮಿಲಿಮೀಟರ್. ಅದು ಚಲಾವಣೆಯಲ್ಲೇ ಇದೆ, 14 ಬಗೆಯ ವಿನ್ಯಾಸವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಬಸ್ಸಿನಲ್ಲಿ, ಹೂವಿನ ಅಂಗಡಿಯಲ್ಲಿ "ಇದು ನಡೆಯಲ್ಲ" ಅನ್ನುವವರನ್ನು ಎಷ್ಟು ಸಲ ಕಂಡಿಲ್ಲ ನಾವು? ಹಾಗಾಗಿ ಯಾರ ಕೈಯಲ್ಲೂ ಅದು ಉಳಿಯುವುದಿಲ್ಲ. ಈಗಂತೂ ಸೊಪ್ಪಿನವಳ ಬುಟ್ಟಿಗೂ ಕ್ಯೂಆರ್ ಅಂಟಿಸಿದೆ. ಚಿಲ್ಲರೆ ಇಟ್ಟುಕೊಳ್ಳುವ ರೂಢಿಯೇ ಹೋಗುತ್ತಿದೆ.

ಇಂಗ್ಲೆಂಡಿನಲ್ಲಿ 2017ರ ಮಾರ್ಚ್‌ನಲ್ಲಿ ಹನ್ನೆರಡು ಮೂಲೆಯ ಹೊಸ 1 ಪೌಂಡ್ ನಾಣ್ಯ ಬಂತು. ಅಕ್ಟೋಬರ್ 15ಕ್ಕೆ ಹಳೆಯ ದುಂಡು ನಾಣ್ಯದ ಚಲಾವಣೆ ನಿಂತಿತು. ಅಲ್ಲಿನ ಅಂಗಡಿಗಳು ಗಾಡಿಗಳ ಬೀಗ ಬದಲಿಸಬೇಕಾಯಿತು. ಅಷ್ಟು ದೊಡ್ಡ ಅಂಗಡಿಗಳಿಗೇ ಅದು ಖರ್ಚಿನ ಕೆಲಸ. ಎಂಟು ವರ್ಷದೊಳಗೆ ನಾಣ್ಯದ ಅಳತೆ ಅದಲುಬದಲಾದ ನಮ್ಮಲ್ಲಿ ಶಿರಸಿಯ ಒಂದು ಅಂಗಡಿ ಇದನ್ನು ಹೇಗೆ ತೂಗಿಸುತ್ತದೆ?

ಮೂರನೆಯದು ಚಕ್ರದ ಚೀಲ. ಉಲ್ಮ್‌ನಲ್ಲಿ ವಯಸ್ಸಾದವರೆಲ್ಲ ಎಳೆದುಕೊಂಡು ಹೋಗುತ್ತಿದ್ದರು. ಎರಡು ಚಕ್ರ, ಉದ್ದ ಹಿಡಿಕೆ, ನಡುವೆ ದಪ್ಪ ಬಟ್ಟೆಯ ಚೀಲ. ಮಗಳು ಒಂದು ಕೊಡಿಸಿದಳು. ಅಲ್ಲಿ ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಮನೆ ಬಾಗಿಲಿನಿಂದ ಅಡುಗೆ ಮನೆಯವರೆಗೆ ಎಳೆದುಕೊಂಡೇ ಬರಬಹುದು. ನಾಣ್ಯ ಬೇಡ, ವಾಪಸ್ ಕೊಡುವುದು ಬೇಡ. ಹತ್ತು ಕಿಲೋ ತುಂಬಿದರೂ ಭುಜಕ್ಕೆ ಗೊತ್ತಾಗಲಿಲ್ಲ.

ಅದನ್ನು ಮಡಚಿ ಸೂಟ್‌ಕೇಸಿನಲ್ಲಿಟ್ಟು ಶಿರಸಿಗೆ ತಂದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆಯಿತು. ಮಂಗಳವಾರ ಸಂತೆಯಲ್ಲಿ ಬಸಳೆ, ಹರಿವೆ, ತೊಂಡೆಕಾಯಿ, ಕುಮಟೆಯ ಈರುಳ್ಳಿಯ ಒಂದು ಗೊಂಚಲು, ಜೋನಿ ಬೆಲ್ಲದ ಡಬ್ಬಿ ಎಲ್ಲ ಹಿಡಿಯಿತು. ಈರುಳ್ಳಿ ಗೊಂಚಲನ್ನು ಮಾತ್ರ ಮೇಲೆ ಇಡಬೇಕು, ಜಡೆ ಮುರಿದರೆ ಮನೆಯಲ್ಲಿ ನೇತು ಹಾಕಲು ಬರುವುದಿಲ್ಲ. ಜೂನ್ ಬಂದ ಮೇಲೆ ಕತೆ ಬದಲಾಯಿತು. ಘಟ್ಟದ ಮಳೆಗೆ ಸಂತೆಯ ಜಾಗ ಕೆಂಪು ರಾಡಿ. ಚಕ್ರ ಮಣ್ಣು ಮೆತ್ತಿಕೊಂಡು ತಿರುಗಲೇ ಇಲ್ಲ. ಎತ್ತಿಕೊಂಡು ನಡೆಯಬೇಕಾಯಿತು, ಬರಿಯ ಚೀಲಕ್ಕಿಂತ ಭಾರ. ಬಸ್ಸಿನ ಮೆಟ್ಟಿಲು ಬೇರೆ ಎತ್ತರ. ಒಮ್ಮೆ ಕಂಡಕ್ಟರ್ ಇಳಿದು ಬಂದು ಎತ್ತಿಕೊಟ್ಟರು. ಎಲ್ಲ ದಿನ ಹಾಗೆ ಆಗುವುದಿಲ್ಲ.

ಈಗ ನನ್ನ ರೂಢಿ ಹೀಗಿದೆ. ದೀಪಾವಳಿಯಿಂದ ಮೇ ಕೊನೆಯವರೆಗೆ ಚಕ್ರದ ಚೀಲ. ಮಳೆಗಾಲದಲ್ಲಿ ಎರಡು ಬಟ್ಟೆ ಚೀಲ, ಎರಡೂ ಕೈಗೆ ಸಮ ಭಾರ, ಆಟೋದಲ್ಲಿ ಮನೆಗೆ. ತಿಂಗಳ ದೊಡ್ಡ ಸಾಮಾನಿಗೆ ಅಂಗಡಿಯ ಬಿಡುಗಾಡಿ. ಫೋನಿನಲ್ಲಿ ಹೇಳಿ ಮನೆಗೆ ತರಿಸಿಯೂ ನೋಡಿದೆ. ಹೊತ್ತು ತರುವ ಕಷ್ಟವಿಲ್ಲ, ಆದರೆ ತೊಂಡೆಕಾಯಿ ಬಲಿತದ್ದೇ ಬರುತ್ತದೆ.

ಅಂಗಡಿಯವರಿಗೆ ನನ್ನ ಸಲಹೆ ಬೇರೆ. ಆ ಮೂರು ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಹಾಸು ಕಟ್ಟಿಸಿ. ಅದರ ತುದಿಯಲ್ಲಿ, ರಸ್ತೆಗೆ ಮೊದಲು, ಗಾಡಿ ದಾಟದ ಹಾಗೆ ಎರಡು ಕಬ್ಬಿಣದ ಕಂಬ ನೆಡಿ, ಮನುಷ್ಯರು ಹಾದುಹೋಗುವಷ್ಟು ಮಾತ್ರ ಸಂದಿ ಬಿಡಿ. ಸಂತೆಯ ದಿನ ಅಲ್ಲಿ ಒಬ್ಬ ಹುಡುಗ ನಿಂತು ಸಾಮಾನನ್ನು ಆಟೋಕ್ಕೆ ಇಟ್ಟು ಗಾಡಿ ಒಳಗೆ ತರಲಿ. ತಿಂಗಳಿಗೊಮ್ಮೆ ಚಕ್ರಗಳಿಗೆ ಎಣ್ಣೆ ಬಿಡಿ. ಆ ಶಾಲೆಯ ಹುಡುಗನ ಕಡೆ ಉರುಳಿದ ಗಾಡಿಯನ್ನು ತಡೆಯಲು ಇಷ್ಟು ಸಾಕಿತ್ತು. ಇಷ್ಟಾದ ಮೇಲೂ ಬೀಗವೇ ಬೇಕು ಅಂದರೆ, ನಾಣ್ಯದ ಬದಲು ಬಿಲ್ಲೆಯ ಬೀಗ ತರಿಸಿ, ಬಿಲ್ಲೆಯನ್ನು ಬಾಗಿಲಲ್ಲೇ ಒಂದು ಡಬ್ಬಿಯಲ್ಲಿಡಿ. ಕೇಳಿದವರಿಗೆಲ್ಲ ಒಂದೊಂದು ಕೊಡಿ, ಬಿಲ್ಲು ಆಗುವ ಮೊದಲೇ.

ಬರುವ ಮಂಗಳವಾರ ಸಂತೆಗೆ ಹೋಗುವಾಗ ಅಂಗಡಿಗೂ ಹೋಗುತ್ತೇನೆ. ಆ ಹಳದಿ ಬಿಲ್ಲೆ ಇನ್ನೂ ನನ್ನ ಕೀ ಗೊಂಚಲಿನಲ್ಲೇ ಇದೆ. ತೋರಿಸಿ ಬರುತ್ತೇನೆ.