ಪದ್ಮಿನಿಯ ತುಕ್ಕು: ಫೈಬರ್, ಗ್ಯಾಸ್, ಸಿ.ಓ.ಟು ಮೂರನ್ನೂ ಹಾಕಿಸಿ ನೋಡಿದ ಮೇಲೆ

ಮುಂಬೈಯ ಚೆಂಬೂರಿನ ನಮ್ಮ ಕಟ್ಟಡದ ಅಂಗಳದಲ್ಲಿ ಹದಿನಾಲ್ಕು ಮಳೆಗಾಲ ತೆರೆದ ಆಕಾಶದ ಕೆಳಗೆ ನಿಂತಿದ್ದ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿಯ ಕಾಲುಹಾಸನ್ನು ಎತ್ತಿದಾಗ ನನಗೆ ಕಂಡದ್ದು ಅಂಗಳದ ಸಿಮೆಂಟು. ಕಾರಿನ ತಳ ಅಷ್ಟಗಲ ಕರಗಿ ಹೋಗಿತ್ತು. ಆಮೇಲಿನ ವರ್ಷಗಳಲ್ಲಿ ಒಂದೇ ಗಾಡಿಯ ಮೇಲೆ ಮೂರು ಬಗೆಯ ರಿಪೇರಿ ಮಾಡಿಸಿದ್ದೇನೆ. ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ಈಗ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಮಾಡಿಸಿದ್ದು ಫೈಬರ್. ತೂತಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಸವರಿ, ಮೇಲೆ ಕಪ್ಪು ಬಣ್ಣ ಬಳಿದು ಒಂದೇ ದಿನದಲ್ಲಿ ಗಾಡಿ ಕೊಟ್ಟರು. ಖರ್ಚು ಕಡಿಮೆ, ನೋಟಕ್ಕೆ ಚೆಂದ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅಂಚು ಬಿಟ್ಟುಕೊಂಡಿತು. ಕಿತ್ತು ನೋಡಿದರೆ ಫೈಬರ್ ಹಾಗೆಯೇ ಇತ್ತು, ಅದು ಅಂಟಿಕೊಂಡಿದ್ದ ತಗಡು ಪದರ ಪದರವಾಗಿ ಎದ್ದು ಬಂತು. ಒಳಗೆ ಸಿಕ್ಕಿಬಿದ್ದ ನೀರಿಗೆ ಹೊರದಾರಿಯೇ ಇರಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಮೈಕಟ್ಟೇ ಭಾರ ಹೊರುತ್ತದೆ. ತಳವೂ ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ಟೊಳ್ಳು ಸಿಲ್‌ಗಳೂ ಅದರ ಬೆನ್ನುಮೂಳೆ. ಅಲ್ಲಿ ಫೈಬರ್ ಹಾಕುವುದು ಮುರಿದ ಮೂಳೆಗೆ ಬರಿಯ ಬಟ್ಟೆ ಸುತ್ತಿದಂತೆ. ಜಾಕ್ ಏರಿಸಿದಾಗ ನಮ್ಮ ಗಾಡಿಯ ಬಾಗಿಲು ಮುಚ್ಚುತ್ತಿರಲಿಲ್ಲ.

ಎರಡನೆಯ ಸಲ ಕುರ್ಲಾದಲ್ಲಿ ಕುಂದಾಪುರದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. (ಊರಿನಲ್ಲಿ ಟಿಂಕರಿಂಗ್ ಎನ್ನುವ ಕೆಲಸಕ್ಕೆ ಇಲ್ಲಿ ಡೆಂಟಿಂಗ್ ಎನ್ನುತ್ತಾರೆ, ತಗ್ಗು ತುಂಬುವ ಪುಟ್ಟಿಗೆ ಲಾಂಬಿ.) ಅವರು ಎಡ ಸಿಲ್ಲನ್ನು ಗ್ಯಾಸ್ ವೆಲ್ಡಿಂಗಿನಲ್ಲಿಯೂ, ನನ್ನ ಒತ್ತಾಯಕ್ಕೆ ಬಲ ಸಿಲ್ಲನ್ನು ಸಿ.ಓ.ಟು ಯಂತ್ರದಲ್ಲಿಯೂ (ಇಂಗಾಲದ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವ ಯಂತ್ರ) ಕೂಡಿಸಿದರು. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕೊಳವೆ ಬೆಸೆದು ಬಿಗಿದರು. ಅದನ್ನು ಮರೆತರೆ ಮೈಕಟ್ಟು ಕುಸಿದು ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ.

ಗ್ಯಾಸಿನಲ್ಲಿ ಅವರ ಕೈಚಳಕ ನೋಡುವಂಥದು. ಬೆಸುಗೆ ಮೆತ್ತಗಿರುವುದರಿಂದ ಸುತ್ತಿಗೆ ಮತ್ತು ಡಾಲಿಯ (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ನಡುವೆ ಇಟ್ಟು ಬಡಿದು ನಯಗೊಳಿಸಬಹುದು. ಆದರೆ ಜ್ವಾಲೆ ಅಗಲವಾಗಿ ಸುಡುತ್ತದೆ. ಹಿಗ್ಗಿದ ತೆಳು ತಗಡು ಆರುವಾಗ ಕುಗ್ಗಿ ಅಲೆಯಲೆಯಾಗುತ್ತದೆ. “ಮಾರಾಯರೇ, ಬೆಂಕಿ ಹೆಚ್ಚಾದರೆ ತಗಡು ಮುನಿಸಿಕೊಳ್ಳುತ್ತದೆ” ಎಂದು ಅವರೇ ಹೇಳಿದರು. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು: ಒಳಬದಿಗೆ ಹಚ್ಚಿದ್ದ ಸತುವಿನ ಪ್ರೈಮರ್ ಬೆಸುಗೆಯ ಎರಡೂ ಪಕ್ಕ ಗೇಣಗಲ ಸುಟ್ಟು ಹೋಗಿತ್ತು.

ಸಿ.ಓ.ಟು ಕೆಲಸ ನಿಧಾನ. 0.8 ಮಿಲಿಮೀಟರ್ ತಂತಿ, ಕಡಿಮೆ ಕರೆಂಟು, ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ದೂರ. ಹೀಗೆ ಶಾಖ ಒಂದೆಡೆ ಸೇರದಂತೆ ಹೊಲಿಯುತ್ತಾ ಹೋಗಬೇಕು. ತುಕ್ಕು, ಬಣ್ಣ ಲವಲೇಶ ಉಳಿದರೂ ಕಿಡಿ ಸಿಡಿಯುತ್ತದೆ, ಬೆಸುಗೆಯಲ್ಲಿ ರಂಧ್ರ ಬೀಳುತ್ತದೆ. ರಸ್ತೆಬದಿಯ ಶೆಡ್ಡಿನಲ್ಲಿ ಮಧ್ಯಾಹ್ನದ ಸಮುದ್ರಗಾಳಿ ಬೆಸುಗೆಯನ್ನು ಕಾಯುವ ಅನಿಲವನ್ನೇ ಹಾರಿಸಿಕೊಂಡು ಹೋಗುತ್ತಿತ್ತು. ಟಾರ್ಪಾಲು ಕಟ್ಟಿದ ಮೇಲೆಯೇ ಬೆಸುಗೆ ಗಟ್ಟಿಯಾಯಿತು. ಎಡಬದಿ ಎರಡು ದಿನದಲ್ಲಿ ಮುಗಿದರೆ ಬಲಬದಿಗೆ ನಾಲ್ಕು ದಿನ ಹಿಡಿಯಿತು. ಸಿಲ್ ಮತ್ತು ತಳಕ್ಕೆ ನನ್ನ ಮತ ಸಿ.ಓ.ಟುಗೇ. ಮಡ್ಗಾರ್ಡಿನಂಥ ಹೊರಮೈ ತಿರುವುಗಳಲ್ಲಿ ಮಾತ್ರ, ಪಳಗಿದ ಕೈ ಸಿಕ್ಕರೆ, ಗ್ಯಾಸೇ ಮೇಲು. ಸಿ.ಓ.ಟು ಬೆಸುಗೆ ಗಡುಸು, ಅದನ್ನು ಉಜ್ಜುವಾಗ ಪಕ್ಕದ ತಗಡೂ ಸವೆಯುತ್ತದೆ.

ತುಕ್ಕು ತೆಗೆಯುವುದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚಕ್ರ, ಸಸ್ಪೆನ್ಷನ್ನಿನ ದಪ್ಪ ಭಾಗಗಳಿಗೆ ಬ್ಲಾಸ್ಟಿಂಗ್‌ಗೆ (ಮರಳಿನಂಥ ಕಣಗಳನ್ನು ಗಾಳಿಯ ಒತ್ತಡದಲ್ಲಿ ಎರಚಿ ತುಕ್ಕು ಕೀಳುವುದು) ಸಾಟಿಯಿಲ್ಲ. ಬಾನೆಟ್ಟು, ಬಾಗಿಲುಗಳಿಗೆ ಅದನ್ನು ಮಾಡಿಸಬೇಡಿ, ಚಪ್ಪಟೆ ತಗಡು ಸೊಟ್ಟಗಾಗುತ್ತದೆ. ಅಲ್ಲಿ ತಂತಿ ಬ್ರಷ್ಷೇ ಸಾಕು. ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ, ಹೊಪ್ಪಳೆ ಎದ್ದ ತುಕ್ಕಿಗೆ ಅದು ನಾಟುವುದಿಲ್ಲ. ಬ್ಯಾಟರಿ ಕೂರುವ ತಟ್ಟೆಗೆ ಅದನ್ನು ಹಚ್ಚಿ, ಸರಿಯಾಗಿ ತೊಳೆಯದೆ ಎಪಾಕ್ಸಿ ಪ್ರೈಮರ್ ಹೊಡೆಸಿದೆ. ತಿಂಗಳೊಳಗೆ ಗುಳ್ಳೆ ಎದ್ದಿತು. ಮುಂಬೈ ಗಾಡಿಗಳ ಗುಳಿಗಳಲ್ಲಿ ಸಮುದ್ರದ ಉಪ್ಪೂ ಕೂತಿರುತ್ತದೆ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಅದಕ್ಕೇ ನಾವು ನವೆಂಬರಿನಲ್ಲಿ ಶುರು ಮಾಡಿ ಫೆಬ್ರುವರಿಯಲ್ಲಿ ಮುಗಿಸಿದೆವು.

ಲಾಂಬಿಯನ್ನು ನಾನು ದ್ವೇಷಿಸುವುದಿಲ್ಲ. ಪ್ರೈಮರ್ ಮೇಲೆ ಎರಡು ಮಿಲಿಮೀಟರ್ ಒಳಗೆ ಇದ್ದರೆ ಅದು ಒಳ್ಳೆಯ ಕೆಲಸಗಾರನ ಕೊನೆಯ ಕೈ. ಆದರೆ ನಮ್ಮ ಹಿಂದಿನ ಮಡ್ಗಾರ್ಡಿನಲ್ಲಿ ಅಯಸ್ಕಾಂತವೇ ಹಿಡಿಯಲಿಲ್ಲ. ಉಳಿಯಿಂದ ಕೆರೆದರೆ ಅರ್ಧ ಬೆರಳು ದಪ್ಪ ಲಾಂಬಿ, ಅದರ ಹಿಂದೆ ತಗಡೇ ಇಲ್ಲ. ಹಳೆಯ ಗಾಡಿ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಎರಡೂ ಸಿಲ್‌ಗಳೊಳಗೆ ಒಂದೇ ಡಬ್ಬಿಯ ಮೇಣ ಸಿಂಪಡಿಸಿದ್ದೆವು. ಮೊನ್ನೆ, ಎರಡು ಮಳೆಗಾಲ ಕಳೆದ ಮೇಲೆ, ರಬ್ಬರಿನ ಬಿರಡೆ ತೆಗೆದು ಟಾರ್ಚು ಬಿಟ್ಟು ನೋಡಿದೆ. ಬಲಬದಿಯಲ್ಲಿ ಮೇಣ ಹಳದಿಯಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು. ಎಡಬದಿಯಲ್ಲಿ ಬೆಸುಗೆಯ ಗುಂಟ, ಪ್ರೈಮರ್ ಸುಟ್ಟಿದ್ದ ಅಗಲಕ್ಕೆ ಸರಿಯಾಗಿ, ಕಂದು ಪುಡಿ. ಮೇಸ್ತ್ರಿ ಬಂದು ಬೆರಳು ತೂರಿಸಿ ನೋಡಿ, ಮತ್ತೆ ಕತ್ತರಿಸೋಣ ಎಂದರು. ಬೇಕಾದ ತಗಡನ್ನು ತಂದಿಟ್ಟಿದ್ದೇನೆ. ದೀಪಾವಳಿ ಕಳೆದು ಗಾಳಿ ಒಣಗುವುದನ್ನು ಕಾಯುತ್ತಿದ್ದೇವೆ.