ತಡವರಿಸುವ ವಿಡಿಯೊಗೆ ಎಂಪಿವಿಯೋ, ವಿಎಲ್‌ಸಿಯೋ?

ಇಂಟೆಲ್ ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್. ಇಂಥ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಈಗಿನ ಫೋನುಗಳ 4ಕೆ ವಿಡಿಯೊ ಹಾಕಿದರೆ ಚಿತ್ರ ತಡವರಿಸುತ್ತದೆ, ದನಿ ಮುಂದೆ ಓಡುತ್ತದೆ. ಎಂಪಿವಿ (mpv), ವಿಎಲ್‌ಸಿ (VLC) ಎಂಬ ಎರಡು ವಿಡಿಯೊ ಪ್ಲೇಯರಿನಲ್ಲೂ ಅದೇ ಫೈಲುಗಳನ್ನು ಓಡಿಸಿ ನೋಡಿದ ಮೇಲೆ ನನ್ನ ಓಟು ಎಂಪಿವಿಗೆ. ಎಡವುತ್ತಿರುವುದು ಎಲ್ಲಿ ಎಂದು ಅದು ಬಾಯಿಬಿಟ್ಟು ಹೇಳುತ್ತದೆ.

ಎಂಪಿವಿಯಲ್ಲಿ ವಿಡಿಯೊ ಓಡುವಾಗ ಶಿಫ್ಟ್ ಹಿಡಿದು ಐ (I) ಒತ್ತಿ. ಬಿಟ್ಟುಹೋದ ಫ್ರೇಮುಗಳ ಲೆಕ್ಕ ಡಿಕೋಡರಿನದು (ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸುವ ಭಾಗ) ಬೇರೆ, ಔಟ್‌ಪುಟ್ಟಿನದು ಬೇರೆ ಕಾಣುತ್ತದೆ. ಮೊದಲನೆಯದು ಏರುತ್ತಿದ್ದರೆ ಸಿಪಿಯು ಕೈಲಿ ಆಗುತ್ತಿಲ್ಲ. ಎರಡನೆಯದು ಮಾತ್ರ ಏರಿದರೆ ತಕರಾರು ಪರದೆಗೆ ಚಿತ್ರ ಕಳಿಸುವ ಕಡೆ. ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ಸಿಪಿಯು ಬದಲು ಗ್ರಾಫಿಕ್ಸ್ ಚಿಪ್ಪೇ ವಿಡಿಯೊ ಬಿಡಿಸುವುದು, ನಡೆದಿದ್ದರೆ ವಿಎಎಪಿಐ (vaapi) ಎಂಬ ಹೆಸರೂ ಅಲ್ಲೇ ಇರುತ್ತದೆ. ಎಂಪಿವಿ ಅದನ್ನು ತಾನಾಗಿ ಶುರುಮಾಡುವುದಿಲ್ಲ; ಕಂಟ್ರೋಲ್-ಎಚ್ ಒತ್ತಬೇಕು, ಕಾಯಂ ಬೇಕಿದ್ದರೆ ಕಾನ್ಫಿಗ್ ಫೈಲಿನಲ್ಲಿ hwdec=auto-safe ಎಂದು ಒಂದು ಸಾಲು ಸೇರಿಸಬೇಕು.

ಒತ್ತಿದರೂ ಆ ಹೆಸರು ಬರಲಿಲ್ಲವೇ? ಹೆಚ್ಚಿನವರು ಪ್ಲೇಯರ್ ಬದಲಿಸುತ್ತ ಸುತ್ತುವುದು ಇಲ್ಲೇ. ಮೊದಲು ಟರ್ಮಿನಲ್ಲಿನಲ್ಲಿ ವಿಎಇನ್ಫೋ (vainfo) ಓಡಿಸಿ; ಚಿಪ್ಪು ಯಾವ ವಿಡಿಯೊಗಳನ್ನು ಬಿಡಿಸಬಲ್ಲದು ಎಂದು ಅದು ಪಟ್ಟಿ ಕೊಡುತ್ತದೆ. ಎರರ್ ಬಂದರೆ ಡ್ರೈವರ್ ಇಲ್ಲ ಅಥವಾ ತಪ್ಪಾಗಿದೆ: ಇಂಟೆಲ್ ಐದನೇ ತಲೆಮಾರಿನಿಂದ ಈಚೆಗೆ ಐಎಚ್‌ಡಿ (iHD) ಡ್ರೈವರ್, ಅದಕ್ಕೂ ಹಳೆಯದಕ್ಕೆ ಐ965 (i965). ಹಿಂದೆಂದೋ ಯಾರದೋ ಸಲಹೆ ಕೇಳಿ ಡ್ರೈವರ್ ಹೆಸರನ್ನು ಎನ್ವಿರಾನ್ಮೆಂಟ್ ವೇರಿಯಬಲ್ಲಿನಲ್ಲಿ (ಪ್ರೋಗ್ರಾಮುಗಳು ಓದುವ ಸಿಸ್ಟಮ್ ಸೆಟ್ಟಿಂಗ್) ಕಟ್ಟಿಹಾಕಿದ್ದರೆ ಅದನ್ನೂ ಅಳಿಸಿ. ಪಟ್ಟಿ ಬಂದರೆ ಎಚ್‌ಇವಿಸಿ (HEVC, ಈಗಿನ ಫೋನುಗಳ ವಿಡಿಯೊ ಕುಗ್ಗಿಸುವ ಬಗೆ) ಸಾಲುಗಳನ್ನು ನೋಡಿ. ಆರನೇ ತಲೆಮಾರಿನಲ್ಲಿ 8 ಬಿಟ್ಟಿನ ಮೇನ್ (Main) ಇರುತ್ತದೆ, 10 ಬಿಟ್ಟಿನ ಮೇನ್10 (Main10) ಇರುವುದಿಲ್ಲ. ಬಣ್ಣ, ಬೆಳಕು ಹೆಚ್ಚು ಹಿಡಿಯುವ ಫೋನಿನ ಎಚ್‌ಡಿಆರ್ ವಿಡಿಯೊ ಸಾಮಾನ್ಯವಾಗಿ 10 ಬಿಟ್ಟಿನದು, ಅಂದರೆ ಪೂರ್ತಿ ಹೊರೆ ಸಿಪಿಯು ಮೇಲೆ. ಇದಕ್ಕೆ ಯಾವ ಪ್ಲೇಯರಿನಲ್ಲೂ ಮದ್ದಿಲ್ಲ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ (FFmpeg) 1080ಪಿಗೆ ಇಳಿಸಿ, 8 ಬಿಟ್ಟಿನ ಎಚ್264 (ಹಳೆಯ, ಹಗುರ ಬಗೆ) ಮಾಡಿಟ್ಟುಕೊಳ್ಳಿ. ಬಣ್ಣ ಸ್ವಲ್ಪ ಸಪ್ಪೆಯಾಗುತ್ತದೆ, ಓಟ ಸಲೀಸು. ಉದ್ದದ ಫೈಲಾದರೆ ರಾತ್ರಿ ಹಾಕಿ ಮಲಗುವುದು ಮೇಲು.

ವಿಎಲ್‌ಸಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗಿನ ಆಯ್ಕೆ ಪ್ರಿಫರೆನ್ಸಸ್‌ನ ಇನ್‌ಪುಟ್/ಕೋಡೆಕ್ಸ್ ಪುಟದಲ್ಲಿದೆ. ಆದರೆ ಆ ಡಿಕೋಡಿಂಗ್ ಕೈಕೊಟ್ಟಾಗ ವಿಎಲ್‌ಸಿ ಸದ್ದಿಲ್ಲದೆ ಸಿಪಿಯುಗೆ ಜಾರಿಬಿಡುತ್ತದೆ. ಪತ್ತೆ ಹಚ್ಚಲು ಕಂಟ್ರೋಲ್-ಎಂ ಒತ್ತಿ, ವರ್ಬಾಸಿಟಿ (ವಿವರದ ಮಟ್ಟ) 2ಕ್ಕೆ ಏರಿಸಿ, ಬರುವ ಸಂದೇಶಗಳನ್ನು ಸಾಲುಸಾಲು ಓದಬೇಕು. ಅಷ್ಟು ತಾಳ್ಮೆ ನನಗಿಲ್ಲ. ಡಿವಿಡಿ ಮೆನುಗಳಿಗೆ ಮಾತ್ರ ವಿಎಲ್‌ಸಿಯೇ ಸರಿ.

ಪ್ಲೇಯರಿನ ಫ್ಲಾಟ್‌ಪ್ಯಾಕ್ (ಸಿಸ್ಟಮ್ಮಿನಿಂದ ಬೇರೆಯಾಗಿ ಓಡುವ ಪ್ಯಾಕೇಜು) ಆವೃತ್ತಿ ಹಾಕುವವರಿಗೆ ಒಂದು ಮಾತು: ಸಿಸ್ಟಮ್ಮಿನ ಡ್ರೈವರ್ ಅದಕ್ಕೆ ಕಾಣುವುದಿಲ್ಲ, ಇಂಟೆಲ್ ವಿಎಎಪಿಐ ಎಕ್ಸ್‌ಟೆನ್ಶನ್ ಅದರೊಳಗೇ ಇರಬೇಕು.

ಯೂಟ್ಯೂಬ್ ತಡವರಿಸಿದರೆ ಬ್ರೌಸರಿಗೆ ಎಚ್264ಇಫೈ (h264ify) ಎಕ್ಸ್‌ಟೆನ್ಶನ್ ಹಾಕಿ; ಅದು ಎಚ್264 ವಿಡಿಯೊವನ್ನೇ ತರಿಸುತ್ತದೆ. 1080ಪಿ ಮೀರಿ ಸಿಗದು, ಈ ಪರದೆಗೆ ಅದೇ ಧಾರಾಳ.

ಕೀಬೋರ್ಡ್ ಶಾರ್ಟ್‌ಕಟ್ ಬೇಡ, ಮೌಸೇ ಬೇಕು ಎನ್ನುವವರು ಸೆಲ್ಯುಲಾಯ್ಡ್ (Celluloid) ಪ್ಲೇಯರ್ ತೆರೆದರಾಯಿತು. ಅದರ ಒಳಗಿರುವುದೂ ಎಂಪಿವಿಯೇ. ಪ್ರಿಫರೆನ್ಸಸ್‌ನಲ್ಲಿ ಅದೇ ಕಾನ್ಫಿಗ್ ಫೈಲು ತೋರಿಸಬಹುದು.