ಕೊಡಗಿನಲ್ಲಿ 22 ದಿನ ಕ್ಯಾಂಪರ್‌ವ್ಯಾನ್: ಬಿಸಿಲಿಗಾಗಿ ಅಲೆದದ್ದು

ಕೊಡಗಿಗೆ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವವರು ಹಾಸಿಗೆ ಎಷ್ಟು ಅಗಲ, ಟಿವಿ ಇದೆಯಾ ಅಂತ ಕೇಳುತ್ತಾ ಕೂರಬೇಡಿ. ಬ್ಯಾಟರಿ ಯಾವುದು ಅಂತ ಕೇಳಿ. ನಾವು ಕೇಳಲಿಲ್ಲ. ಅದಕ್ಕೇ ಒಂದು ವರ್ಷ ಕಳೆದ ಮೇಲೂ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಫೆಬ್ರವರಿ 17ರಿಂದ ಮಾರ್ಚ್ 10ರವರೆಗೆ ನಾನು, ನನ್ನ ಹೆಂಡತಿ ಇಬ್ಬರೇ ಹೋಗಿದ್ದೆವು. ಇಬ್ಬರೂ ನಿವೃತ್ತರು, ಮನೆ ಮೈಸೂರು. ದಿನಕ್ಕೆ ಐದು ಸಾವಿರದ ಲೆಕ್ಕದಲ್ಲಿ 1 ಲಕ್ಷ 10 ಸಾವಿರ ಬಾಡಿಗೆ, ಮೇಲೆ 25 ಸಾವಿರ ಠೇವಣಿ. ನಮ್ಮ ಪಿಂಚಣಿಗೆ ಇದು ದೊಡ್ಡ ಮೊತ್ತ. ಮಕ್ಕಳ ಮದುವೆ ಮುಗಿದ ಮೇಲೆ ನಮಗೇ ಅಂತ ಎತ್ತಿಟ್ಟ ದುಡ್ಡು. ಕಂಪನಿಯ ಹೆಸರು ಇಲ್ಲಿ ಬೇಡ.

ಕುಶಾಲನಗರ ದಾಟಿ ಸುಂಟಿಕೊಪ್ಪದ ಹತ್ತಿರ ಒಂದು ಹೋಂಸ್ಟೇ ಅಂಗಳದಲ್ಲಿ ಮೊದಲೆರಡು ರಾತ್ರಿ. ಎರಡನೇ ರಾತ್ರಿ ಎರಡು ಗಂಟೆಗೆ ಕೀಂ ಕೀಂ ಅಂತ ಸದ್ದು. ಎದ್ದು ನೋಡಿದರೆ ಮೀಟರ್‌ನಲ್ಲಿ 11.6 ವೋಲ್ಟ್, ಅಂದರೆ ಬ್ಯಾಟರಿ ಬಹುತೇಕ ಖಾಲಿ. ಫ್ರಿಡ್ಜ್ ನಿಂತಿತ್ತು, ಫ್ಯಾನ್ ನಿಂತಿತ್ತು, ನಲ್ಲಿ ತಿರುಗಿಸಿದರೆ ಪಂಪ್ ಸುಮ್ನೆ ಗುರ್ ಅಂದು ತೆಪ್ಪಗಾಯಿತು. ಬೆಳಿಗ್ಗೆ ಫೋನ್ ಮಾಡಿದರೆ ಕಂಪನಿಯವರು ಹೇಳಿದ್ದು ಒಂದೇ ಮಾತು: "ಮೇಲೆ ಸೋಲಾರ್ ಇದೆಯಲ್ಲ ಸರ್, ಮಧ್ಯಾಹ್ನದ ಹೊತ್ತಿಗೆ ತುಂಬುತ್ತೆ."

ತುಂಬಲಿಲ್ಲ. ಕೊಡಗಿನ ಕಾಫಿ ಬೆಳೆಯುವುದೇ ಮರದಡಿಯಲ್ಲಿ. ಸಿಲ್ವರ್ ಓಕ್, ಹಲಸು, ಅತ್ತಿ, ಕಾಡುಮರ, ಅವುಗಳ ಮೈತುಂಬ ಮೆಣಸಿನ ಬಳ್ಳಿ. ಗಾಡಿ ನಿಲ್ಲಿಸಲು ಚೆಂದ ಅನಿಸುವ ಜಾಗವೆಲ್ಲ ನೆರಳು. ಪ್ಯಾನೆಲ್‌ನ ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಇಡೀ ಪ್ಯಾನೆಲ್‌ನ ಶಕ್ತಿ ಇಳಿದುಬಿಡುತ್ತದೆ. ನಮ್ಮದು 150 ಆ್ಯಂಪಿಯರ್ ಅವರ್‌ನ ಲೆಡ್ ಆ್ಯಸಿಡ್ ಬ್ಯಾಟರಿ. ಕಾಗದದ ಮೇಲೆ 1,800 ವ್ಯಾಟ್ ಅವರ್. ಆದರೆ ಈ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 900. ಫ್ರಿಡ್ಜ್ ಒಂದೇ ದಿನಕ್ಕೆ ಸುಮಾರು 500 ತಿನ್ನುತ್ತಿತ್ತು. ಒಂದೂವರೆ ದಿನಕ್ಕೆ ಕಥೆ ಮುಗಿಯಿತು, ಅಲ್ವಾ?

ಗಾಡಿ ಓಡುವಾಗ ಎಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ ಬ್ಯಾಟರಿ ಚಾರ್ಜ್ ಆಗುತ್ತದೆ, ನಿಜ. ಆದರೆ ಕೊಡಗು ಇರುವುದೇ 4,102 ಚದರ ಕಿಲೋಮೀಟರ್. 22 ದಿನಕ್ಕೆ ನಾವು ಓಡಿಸಿದ್ದು 940 ಕಿಲೋಮೀಟರ್, ಮೈಸೂರಿನಿಂದ ಹೋಗಿ ಬಂದದ್ದೂ ಸೇರಿ. ಹೊರಗಿನ ಕರೆಂಟ್ ಕೊಡಲು ಗಾಡಿಗೆ ಒಂದು ಸಾಕೆಟ್ ಇತ್ತು. ಜೊತೆಗೆ ಕೊಟ್ಟ ವೈರ್ ಐದು ಮೀಟರ್. ಯಾವ ತೋಟದ ಮನೆಯ ಜಗುಲಿಗೆ ಐದು ಮೀಟರ್ ಹತ್ತಿರ ವ್ಯಾನ್ ಹೋಗುತ್ತದೆ ಹೇಳಿ! ನನಗೆ ನಿಜವಾಗಿ ಸಿಟ್ಟು ಬಂದಿತ್ತು. ನಾಲ್ಕನೇ ದಿನ ವಾಪಸ್ ಹೋಗೋಣ ಅಂದೆ.

ಅವತ್ತು ಸಂಜೆ ಅಮ್ಮತ್ತಿ ಕಡೆ ಒಂದು ರೋಬಸ್ಟಾ ಕಾಫಿ ತೋಟಕ್ಕೆ ಬಂದೆವು. ರಾತ್ರಿಗೆ 500 ರೂಪಾಯಿ, ಸ್ನಾನಕ್ಕೆ ಹಂಡೆಯ ಬಿಸಿನೀರು. ತೋಟದ ಯಜಮಾನರು ಮೊದಲು ಹೇಳಿದ್ದು ಆನೆಯ ವಿಷಯ: ಏಳರ ಮೇಲೆ ಗಾಡಿಯಿಂದ ಕೆಳಗಿಳಿಯಬೇಡಿ. ಆಮೇಲೆ ನನ್ನ ಗೋಳು ಕೇಳಿದರು. ಮೇಲಿನ ಪ್ಯಾನೆಲ್ ನೋಡಿದರು. "ತೋಟದಲ್ಲಿ ಬಿಸಿಲು ಸಿಗುವುದು ಒಂದೇ ಕಡೆ. ನಾಳೆ ಕಣಕ್ಕೆ ತನ್ನಿ" ಅಂದರು.

ಕಾಫಿ ಒಣಗಿಸುವ ಕಣ! ನನಗೆ ಹೊಳೆದೇ ಇರಲಿಲ್ಲ. ಕೊನೆಯ ಕೊಯ್ಲಿನ ಹಣ್ಣು ಹರವಿದ್ದರು. ಅದರ ಅಂಚಿನಲ್ಲಿ, ಗಾಡಿಯ ನೆರಳು ಕಾಫಿಯ ಮೇಲೆ ಬೀಳದ ಹಾಗೆ ನಿಲ್ಲಿಸಲು ಅವರೇ ಮುಂದೆ ನಿಂತು ಕೈ ತೋರಿಸಿದರು. ಮಧ್ಯಾಹ್ನ ಎರಡಕ್ಕೆ ಮೀಟರ್ ಮೊದಲ ಸಲ ಹದಿಮೂರು ವೋಲ್ಟ್ ದಾಟಿತು, ಬ್ಯಾಟರಿ ತುಂಬುತ್ತಿತ್ತು.

ಎರಡು ರಾತ್ರಿ ಅಂದುಕೊಂಡದ್ದು ಆರಾಯಿತು. ನನ್ನ ಹೆಂಡತಿ ಮೂರನೇ ದಿನದಿಂದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಹೆಂಗಸರ ಜೊತೆ ಕಣಕ್ಕೆ ಇಳಿದಳು. ಮರದ ಹಲಗೆಯಿಂದ ಗಂಟೆಗೊಮ್ಮೆ ಕಾಫಿ ತಿರುವಬೇಕು. ಗೆರೆ ಗೆರೆಯಾಗಿ ಎಳೆದರೆ ಅಡಿಯ ಹಸಿ ಹಣ್ಣು ಮೇಲೆ ಬರುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು. ಒಣಗಿತೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಾರೆ. ಹಸಿಯಾಗಿದ್ದರೆ ಸದ್ದಿಲ್ಲ. ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಲಗಲ ಅನ್ನುತ್ತದೆ. ಅವಳು ಆ ಹಿಡಿಯನ್ನು ನನ್ನ ಕಿವಿಗೂ ತಂದು ಹಿಡಿದಳು.

ಬೆಳಗಿನ ಕಾಫಿಯ ಬಗ್ಗೆ ಹೇಳಲೇಬೇಕು. ಫ್ರಿಡ್ಜ್ ಪೂರ್ತಿ ಆಫ್ ಮಾಡಿಬಿಟ್ಟಿದ್ದೆವು. ಹಾಗಾಗಿ ದಿನಾ ಆರೂವರೆಗೆ ಸ್ಟೀಲ್ ಹಾಲಿನ ಕ್ಯಾನ್ ಹಿಡಿದು ನಾನು ಯಜಮಾನರ ಕೊಟ್ಟಿಗೆಗೆ. ಅರ್ಧ ಲೀಟರ್ ನೊರೆಹಾಲು. ಅಷ್ಟರಲ್ಲಿ ಅವಳು ರಾತ್ರಿ ಹಾಕಿಟ್ಟ ಡಿಕಾಕ್ಷನ್ ಇಳಿದಿರುತ್ತಿತ್ತು. ಗ್ಯಾಸ್ ಒಲೆ ಒಂದು ದಿನವೂ ಕೈಕೊಡಲಿಲ್ಲ, ಅದಕ್ಕೆ ಪೂರ್ತಿ ಅಂಕ. ಹಿಂದಿನ ಬಾಗಿಲು ಮೇಲಕ್ಕೆತ್ತಿ, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಇಬ್ಬರೂ ಕುಡಿಯುತ್ತಿದ್ದೆವು. ಎದುರಿಗೆ ಟಾರ್ಪಾಲಿನ ಮೇಲೆ ಇಬ್ಬನಿ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಬೆಳಿಗ್ಗೆ ಹೊತ್ತು ಯಾವುದೂ ಅವಸರ ಇಲ್ಲದೆ ಕೂತದ್ದು ಅದೇ ಮೊದಲು.

ಆ ದಿನಗಳಲ್ಲೇ ತೋಟಕ್ಕೆ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಿದ್ದರು. ರಾತ್ರಿಯೆಲ್ಲ ಟಕ್ ಟಕ್ ಟಕ್. ನೀರು ಬಿದ್ದ ಒಂಬತ್ತು ಹತ್ತು ದಿನಕ್ಕೆ ಹೂ, ಆಗ ಬನ್ನಿ ಅಂದರು.

ಮಧ್ಯದ ದಿನಗಳು ಎಲ್ಲರೂ ಹೋಗುವ ಜಾಗಗಳೇ. ಮಡಿಕೇರಿ, ಭಾಗಮಂಡಲ, ತಲಕಾವೇರಿ, ಕಕ್ಕಬ್ಬೆ. ನಾಲ್ಕುನಾಡು ಅರಮನೆಯ ಕಡೆಯ ರಸ್ತೆ ಕಿರಿದು. ಇಷ್ಟು ಎತ್ತರದ ಗಾಡಿಗೆ ಕೊಂಬೆಗಳು ತಾಗುತ್ತವೆ, ನಮಗೂ ತಾಗಿತು. ತಡಿಯಂಡಮೋಳ್ 1,748 ಮೀಟರ್, ಜಿಲ್ಲೆಯಲ್ಲೇ ಎತ್ತರದ ಬೆಟ್ಟ. ನನ್ನ ಮೊಣಕಾಲಿಗೆ ಆಗದು, ಕೆಳಗಿನಿಂದಲೇ ನೋಡಿದೆ.

ಮಾರ್ಚ್ 2ಕ್ಕೆ ಫೋನ್ ಬಂತು. "ಬಿಟ್ಟಿದೆ, ಬನ್ನಿ." ವಿರಾಜಪೇಟೆ ದಾಟಿ ಅಮ್ಮತ್ತಿಗೆ ಬರುವ ಹೊತ್ತಿಗೆ ಕತ್ತಲು. ತೋಟದ ಗೇಟಿನಲ್ಲಿ ಕಿಟಕಿ ಇಳಿಸಿದೆವು. ಕಾಫಿ ಹೂವಿನ ಘಮ, ಮಲ್ಲಿಗೆಯ ಹಾಗೆ, ಆದರೆ ಅದಕ್ಕಿಂತ ಗಾಢ. ಬೆಳಿಗ್ಗೆ ನೋಡಿದರೆ ಪ್ರತಿ ರೆಂಬೆಗೂ ಗಿಣ್ಣು ಗಿಣ್ಣಿಗೆ ಬಿಳಿ ಗೊಂಚಲು, ತೋಟವೆಲ್ಲ ಜೇನುನೊಣದ ಗುಂಯ್‌ಗುಟ್ಟುವಿಕೆ. ಮೂರು ನಾಲ್ಕು ದಿನಕ್ಕೆ ಹೂವೆಲ್ಲ ಕಂದಿತು. ಅಷ್ಟೂ ದಿನ ನಾವು ಅಲ್ಲೇ ಇದ್ದೆವು.

ಗಾಡಿ ಒಪ್ಪಿಸಿದಾಗ ಕೊಂಬೆಯ ಗೀರಿಗೆ ಅಂತ ಠೇವಣಿಯಲ್ಲಿ ಆರು ಸಾವಿರ ಹಿಡಿದರು. ಗೀರು ನಮ್ಮಿಂದಾದದ್ದು, ಒಪ್ಪುತ್ತೇನೆ. ಆದರೆ ನಡೆಯದ ಫ್ರಿಡ್ಜ್‌ಗೆ ಒಂದು ರೂಪಾಯಿ ಬಿಡಲಿಲ್ಲ. ಅದು ತಪ್ಪು. ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಒಂದು ಗ್ಯಾಸ್ ಒಲೆಗೆ.

ಹೋಗುವವರು, ಅರ್ಧಕ್ಕಿಂತ ಕೆಳಗೆ ಇಳಿಸಿದರೂ ಬೇಗ ಹಾಳಾಗದ ಲಿಥಿಯಂ ಬ್ಯಾಟರಿಯ ಗಾಡಿಯನ್ನೇ ಕೇಳಿ ಪಡೆಯಿರಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. 25 ಮೀಟರ್‌ನ ದಪ್ಪ ಎಕ್ಸ್‌ಟೆನ್ಷನ್ ವೈರ್ ನೀವೇ ಒಯ್ಯಿರಿ. ಕೊಟ್ಟಿಗೆಯ ಹಾಲಿಗೆ ಮುಚ್ಚಳ ಗಟ್ಟಿ ಇರುವ ಕ್ಯಾನ್ ಬೇಕು. ನಾವು ಈ ಫೆಬ್ರವರಿಗೂ ಅಮ್ಮತ್ತಿಗೆ ಹೇಳಿಟ್ಟಿದ್ದೇವೆ. ಕಣದ ಅಂಚಿನ ಅದೇ ಜಾಗ.